ಗೆಳೆಯನ ಪಾಲಿನ ಸೂತಕ

(ಪ್ರೌಢಶಾಲಾ ಶಿಕ್ಷಕರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಮನೆಯಲ್ಲೊಂದು ಸಾವಾದರೆ ಯಾರು ಏನು ಮಾಡಬೇಕು, ಯಾರು ಎಷ್ಟು ದಿನ ಹೇಗಿರಬೇಕು ಎಂಬುದನ್ನೆಲ್ಲ ನಮ್ಮ ಸಮಾಜ ಬಹಳ ಹಿಂದೆಯೇ ಗೊತ್ತುಮಾಡಿಟ್ಟಿದೆ. ಮಗ ಕೊಳ್ಳಿ ಇಡುತ್ತಾನೆ, ದಾಯಾದಿಗಳು ಸೂತಕ ಹಿಡಿಯುತ್ತಾರೆ, ಬೀಗರು ಬಂದು ಮಾತಾಡಿಸಿ ಹೋಗುತ್ತಾರೆ, ಊರಿನವರು ಹನ್ನೊಂದಕ್ಕೋ ಹದಿಮೂರಕ್ಕೋ ಬಂದು ಕೈತೊಳೆದು ಹೋಗುತ್ತಾರೆ. ಜಾತಿಗೊಂದು, ಸೀಮೆಗೊಂದು ಕ್ರಮವಿದ್ದರೂ ಪ್ರತಿಯೊಬ್ಬ ನೆಂಟನಿಗೂ ಅಲ್ಲಿ ಒಂದು ಜಾಗವಿದೆ. ಹದಿನಾರು ಹದಿನೇಳರ ಹುಡುಗನೊಬ್ಬ ಸತ್ತಾಗ, ನಿನ್ನೆಮೊನ್ನೆಯವರೆಗೂ ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂರುತ್ತಿದ್ದ ಗೆಳೆಯನಿಗೆ ಮಾತ್ರ ಅಂಥ ಜಾಗವಿಲ್ಲ. ಚಟ್ಟಕ್ಕೆ ಹೆಗಲು ಕೊಡುವಷ್ಟು ಅವನು ದೊಡ್ಡವನಲ್ಲ. ಒಳಮನೆಗೆ ಹೋಗಿ ಆ ತಾಯಿಯ ಬಳಿ ಕೂರುವಷ್ಟು ಹತ್ತಿರದವನೂ ಅಲ್ಲ. ಮನುಸ್ಮೃತಿಯ 5ನೆಯ ಅಧ್ಯಾಯವು ವೇದಪಾಠದ ಸಹಪಾಠಿ ಸತ್ತರೆ ಒಂದು ದಿನದ ಅಶೌಚವನ್ನು ಹೇಳುತ್ತದೆ. ಜೊತೆಗೆ ಓದಿದವನಿಗೂ ಆ ಸಾವಿನಲ್ಲಿ ಒಂದು ಪಾಲಿದೆ ಎಂಬ ಅರಿವು ಆ ಕಾಲಕ್ಕೇ ಇತ್ತೆಂದಾಯಿತು. ಆ ಒಂದು ದಿನವನ್ನು ಹಿಡಿಯುವವರನ್ನು ಇಂದು ನಮ್ಮ ಊರುಗಳಲ್ಲಿ ನಾನು ಕಂಡಿಲ್ಲ. ಅದರ ಬದಲಿಗೆ ಶಾಲೆಗಳಲ್ಲಿ ನಾವು ಮಾಡುವುದು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎರಡು ನಿಮಿಷದ ಮೌನ, ಆಮೇಲೆ ರಜೆ, ಅದಾದ ಮೇಲೆ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೊಂದು ಕೆಂಪು ಗೆರೆ.

ಹೀಗೆ ಜಾಗವಿಲ್ಲದೆ ಉಳಿಯುವ ಗೆಳೆಯನ ದುಃಖದ ಬಗ್ಗೆ ಈ ಹೊತ್ತು ಮಾತನಾಡಬೇಕೆಂದಿದ್ದೇನೆ. ಅದಕ್ಕಾಗಿ ನಾನು ಆರಿಸಿಕೊಂಡಿರುವ ಹುಡುಗನ ಹೆಸರು ನಿಮಗೆಲ್ಲ ಗೊತ್ತಿರುವಂಥದೇ. ಗಣಕಯಂತ್ರದ ಮೂಲ ಕಲ್ಪನೆಯನ್ನು ಕೊಟ್ಟವನು, ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಕುಳಿತು ಜರ್ಮನರ ಎನಿಗ್ಮಾ ಗೂಢಲಿಪಿಯನ್ನು ಒಡೆದವರಲ್ಲಿ ಪ್ರಮುಖನು, 2021ರಿಂದ ಬ್ರಿಟನ್ನಿನ 50 ಪೌಂಡಿನ ನೋಟಿನ ಮೇಲೆ ಕಾಣಿಸುತ್ತಿರುವ ಮುಖ — ಅಲನ್ ಟ್ಯೂರಿಂಗ್. ಅವನ ಗಣಿತದ ಬಗ್ಗೆ ಹೇಳಲು ನನಗಿಂತ ಬಲ್ಲವರಿದ್ದಾರೆ. ನಾನು ಹೇಳಹೊರಟಿರುವುದು ಅವನು ಹದಿನೇಳು ವರ್ಷದವನಾಗಿದ್ದಾಗ, 1930ರ ಫೆಬ್ರವರಿಯಲ್ಲಿ, ತನ್ನ ಶಾಲೆಯ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್‌ನನ್ನು ಕಳೆದುಕೊಂಡ ಸಂಗತಿಯನ್ನು, ಮತ್ತು ಆ ದುಃಖಕ್ಕೆ ಜಾಗ ಮಾಡಿಕೊಟ್ಟ ಒಬ್ಬ ತಾಯಿಯ ಸಂಗತಿಯನ್ನು.

ಟ್ಯೂರಿಂಗನ ಬಾಲ್ಯಕ್ಕೂ ನಮ್ಮ ಸೀಮೆಗೂ ಒಂದು ನಂಟಿದೆ. ಅವನ ತಂದೆ ಐ.ಸಿ.ಎಸ್. ಅಧಿಕಾರಿಯಾಗಿ ಆಗಿನ ಮದರಾಸು ಪ್ರಾಂತದಲ್ಲಿ ಕೆಲಸಕ್ಕಿದ್ದವರು. ತಾಯಿ ಹುಟ್ಟಿದ್ದು ಕೊಯಮತ್ತೂರಿನ ಮಗ್ಗುಲಿನ ಪೋದನೂರಿನಲ್ಲಿ, ಮದರಾಸು ರೈಲ್ವೆಯ ಎಂಜಿನಿಯರರ ಮಗಳಾಗಿ. ಅಣ್ಣ ಹುಟ್ಟಿದ್ದು ಕೂನೂರಿನಲ್ಲಿ. ತಂದೆ ರಜೆಯ ಮೇಲೆ ಊರಿಗೆ ಹೋಗಿದ್ದಾಗ, 1912ರ ಜೂನ್ 23ರಂದು, ಅಲನ್ ಲಂಡನ್ನಿನಲ್ಲಿ ಹುಟ್ಟಿದ. ಇಲ್ಲಿಯ ಬಿಸಿಲು, ರೋಗರುಜಿನ ಮಕ್ಕಳಿಗೆ ಒಗ್ಗದೆಂದು ಆ ಕಾಲದ ಆಂಗ್ಲ ಅಧಿಕಾರಿಗಳು ಮಕ್ಕಳನ್ನು ಅಲ್ಲಿಯೇ ಬಿಟ್ಟು ಬರುತ್ತಿದ್ದ ರೂಢಿಯಂತೆ ಅಣ್ಣತಮ್ಮಂದಿರಿಬ್ಬರೂ ಸಮುದ್ರತೀರದ ಸೇಂಟ್ ಲೆನರ್ಡ್ಸ್‌ ಎಂಬ ಊರಿನಲ್ಲಿ ಒಬ್ಬ ನಿವೃತ್ತ ಕರ್ನಲ್ ದಂಪತಿಗಳ ಮನೆಯಲ್ಲಿ ಬೆಳೆದರು. ತಂದೆತಾಯಿ ಕಡಲಿನ ಈಚೆಗೆ, ಮಕ್ಕಳು ಆಚೆಗೆ. ಪರರ ಮನೆಯಲ್ಲಿ, ಆಮೇಲೆ ವಸತಿ ಶಾಲೆಗಳಲ್ಲಿ ಬೆಳೆದ ಈ ಹುಡುಗನಿಗೆ ಹತ್ತಿರದವರೆಂದು ಹೇಳಿಕೊಳ್ಳಲು ಹೆಚ್ಚು ಜನ ಇರಲಿಲ್ಲವೆಂಬುದನ್ನು ಮುಂದಿನ ಮಾತಿಗೆ ಮುಂಚೆ ನಾವು ಮನಸ್ಸಿಗೆ ತಂದುಕೊಳ್ಳಬೇಕು.

1926ರಲ್ಲಿ ಅವನು ಡಾರ್ಸೆಟ್ ಸೀಮೆಯ ಶೆರ್ಬರ್ನ್ ಶಾಲೆಗೆ ಸೇರಿದ. ದೇಶಾದ್ಯಂತ ಕಾರ್ಮಿಕರ ಮುಷ್ಕರ ನಡೆದು ರೈಲುಗಳು ನಿಂತಿದ್ದ ಸಮಯವದು. ಫ್ರಾನ್ಸಿನಿಂದ ಹಡಗಿನಲ್ಲಿ ಸೌತಾಂಪ್ಟನ್ನಿಗೆ ಬಂದಿಳಿದ ಹದಿಮೂರರ ಹುಡುಗ ಅಲ್ಲಿಂದ ಸುಮಾರು 100 ಕಿಲೋಮೀಟರು ದೂರವನ್ನು ಸೈಕಲ್ ತುಳಿದುಕೊಂಡು, ನಡುವೆ ಒಂದು ರಾತ್ರಿ ಹೋಟೆಲಿನಲ್ಲಿ ತಂಗಿ ಶಾಲೆ ಮುಟ್ಟಿದ. ಹಠವಿತ್ತು, ಬುದ್ಧಿಯೂ ಇತ್ತು. ಬರವಣಿಗೆ ಮಾತ್ರ ಯಾರಿಗೂ ಓದಲಾಗದಷ್ಟು ಗಲೀಜು. ಶಾಯಿಯ ಕಲೆ, ಅಡ್ಡಾದಿಡ್ಡಿ ಸಾಲು, ನಡುವಿನ ಹೆಜ್ಜೆಗಳನ್ನು ತೋರಿಸದೆ ನೇರ ಉತ್ತರಕ್ಕೇ ಹಾರುವ ಲೆಕ್ಕ. ಮೇಷ್ಟ್ರುಗಳು ಬೇಸತ್ತಿದ್ದರು. ಕಲೆ, ಸಾಹಿತ್ಯ, ಗ್ರೀಕು ಲ್ಯಾಟಿನ್ನುಗಳಿಗೆ ಮಣೆ ಹಾಕುತ್ತಿದ್ದ ಆ ಶಾಲೆಯಲ್ಲಿ ವಿಜ್ಞಾನದ ಹುಚ್ಚು ಹಿಡಿದ ಹುಡುಗ ಒಂಟಿಯಾಗಿಯೇ ಇದ್ದ.

ಮಾರ್ಕಮ್ ಅವನಿಗಿಂತ ಒಂದು ವರ್ಷ ದೊಡ್ಡವನು. ಬೇರೆ ವಸತಿಗೃಹದವನು, ಒಂದು ವಸತಿಗೃಹದ ಹುಡುಗರು ಇನ್ನೊಂದರವರೊಡನೆ ಸುಲಭವಾಗಿ ಬೆರೆಯುವ ಪದ್ಧತಿ ಅಲ್ಲಿರಲಿಲ್ಲ. ವಯಸ್ಸಿಗೆ ಚಿಕ್ಕದೆನಿಸುವ ಮೈಕಟ್ಟು, ತಿಳಿಬಣ್ಣದ ಕೂದಲು. ಟ್ಯೂರಿಂಗ್ ಅವನನ್ನು ಮೊದಲು ಗಮನಿಸಿದ್ದು 1927ರಲ್ಲಿ. ತರಗತಿಯಲ್ಲಿ ಪಕ್ಕ ಪಕ್ಕ ಕೂರುವ ಅವಕಾಶ ಬಂದದ್ದು 1929ರಲ್ಲಿ, ಮೇಲಿನ ತರಗತಿಗೆ ಹೋದ ಮೇಲೆ. ಮಾರ್ಕಮ್ ಬುಧವಾರದಂದು ಗ್ರಂಥಾಲಯದಲ್ಲಿ ಇರುತ್ತಾನೆಂದು ತಿಳಿದಾಗ ಇವನೂ ಬುಧವಾರದಂದು ಗ್ರಂಥಾಲಯಕ್ಕೆ ಹೋಗತೊಡಗಿದ. ಶಾಲೆಯಲ್ಲಿ ಕೆಲಸ ಮಾಡುವ ನಮಗೆಲ್ಲ ಇಂಥ ಸ್ನೇಹಗಳು ಹೇಗೆ ಮೊಳೆಯುತ್ತವೆಂದು ಗೊತ್ತು. ಒಬ್ಬನ ವೇಳಾಪಟ್ಟಿ ಇನ್ನೊಬ್ಬನ ವೇಳಾಪಟ್ಟಿಗೆ ತಾನಾಗಿಯೇ ಹೊಂದಿಕೊಳ್ಳುತ್ತದೆ, ಪ್ರಯೋಗಾಲಯದಲ್ಲಿ ಯಾರು ಯಾರ ಜೊತೆ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಅವರಿಬ್ಬರನ್ನೂ ಹಿಡಿದಿಟ್ಟ ಒಂದು ಪ್ರಯೋಗವನ್ನು ನಿಮ್ಮಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವರು ಮಕ್ಕಳಿಗೆ ಮಾಡಿ ತೋರಿಸಿರಲೂಬಹುದು. ಅಯೋಡೇಟ್ ದ್ರಾವಣವೊಂದು, ಗಂಜಿ ಬೆರೆಸಿದ ಆಮ್ಲೀಯ ಸಲ್ಫೈಟ್ ದ್ರಾವಣ ಇನ್ನೊಂದು. ಎರಡೂ ನೀರಿನಂತೆ ತಿಳಿ. ಎರಡನ್ನೂ ಒಂದು ಬೀಕರಿಗೆ ಸುರಿದರೆ ಏನೂ ಆಗುವುದಿಲ್ಲ. ಕಾಯಬೇಕು. ಗಡಿಯಾರ ನೋಡುತ್ತ ಕಾಯುತ್ತಿದ್ದರೆ ಒಂದು ಗಳಿಗೆಗೆ, ಮುನ್ಸೂಚನೆಯೇ ಇಲ್ಲದೆ, ಇಡೀ ಬೀಕರು ಥಟ್ಟನೆ ಕಡುನೀಲಿಯಾಗುತ್ತದೆ. ಒಳಗೆ ನಡೆಯುವುದು ಇಷ್ಟು: ಅಯೋಡಿನ್ ಹುಟ್ಟುತ್ತಲೇ ಇರುತ್ತದೆ, ಹುಟ್ಟಿದ್ದನ್ನು ಹುಟ್ಟಿದಲ್ಲಿಯೇ ಸಲ್ಫೈಟ್ ಮುಗಿಸಿಬಿಡುತ್ತಿರುತ್ತದೆ, ಸಲ್ಫೈಟಿನ ಕೊನೆಯ ಅಂಶ ತೀರಿದ ಕ್ಷಣಕ್ಕೆ ಉಳಿದ ಅಯೋಡಿನ್ ಗಂಜಿಯೊಡನೆ ಸೇರಿ ನೀಲಿ ಬಣ್ಣ ಕೊಡುತ್ತದೆ. ದ್ರಾವಣಗಳ ಪ್ರಮಾಣವನ್ನು ಬದಲಿಸಿದರೆ ಕಾಯಬೇಕಾದ ಹೊತ್ತೂ ಬದಲಾಗುತ್ತದೆ. ಆ ಹೊತ್ತಿಗೂ ಪ್ರಮಾಣಕ್ಕೂ ಇರುವ ಸಂಬಂಧವನ್ನು ಲೆಕ್ಕದಲ್ಲಿ ಹಿಡಿಯಲು ಟ್ಯೂರಿಂಗ್ ಕುಳಿತ. ನೋಡಿ ಬೆರಗಾಗುವುದಕ್ಕೆ ಯಾವ ಹುಡುಗನಿಗೂ ಗೆಳೆಯ ಬೇಕಾಗಿಲ್ಲ. ಬೆರಗಿನ ಬೆನ್ನು ಹತ್ತಿ ಹೋಗಬೇಕಾದರೆ ಪಕ್ಕದಲ್ಲಿ ಅದನ್ನೇ ನೋಡಿ ಅಷ್ಟೇ ಬೆರಗಾದ ಇನ್ನೊಬ್ಬ ಬೇಕಾಗುತ್ತಾನೆ ಎಂದು ನಾನು ನಂಬಿದ್ದೇನೆ.

ಖಗೋಳಶಾಸ್ತ್ರದ ರುಚಿ ಹತ್ತಿಸಿದವನು ಮಾರ್ಕಮ್. ಅವನ ಬಳಿ ದೂರದರ್ಶಕವಿತ್ತು. ಹಗಲು ಹೊತ್ತಿನಲ್ಲೇ ಕೆಲವೊಮ್ಮೆ ಬರಿಗಣ್ಣಿಗೆ ಶುಕ್ರಗ್ರಹವನ್ನು ಹುಡುಕಿ ತೋರಿಸಬಲ್ಲವನಾಗಿದ್ದ, ಒಂದು ನಿಮಿಷ ಕಳೆದದ್ದನ್ನು ಗಡಿಯಾರ ನೋಡದೆ ಅರ್ಧ ಸೆಕೆಂಡಿನ ಆಚೀಚೆ ಹೇಳಬಲ್ಲವನಾಗಿದ್ದ ಎಂದು ಟ್ಯೂರಿಂಗ್ ಆಮೇಲೆ ಬರೆದಿಟ್ಟ. ಅವನ ಕೆಲಸವೆಲ್ಲ ಅಚ್ಚುಕಟ್ಟು. ಅವನಲ್ಲಿ ಜಾಣತನವಿದ್ದರೂ ಜಂಬವಿರಲಿಲ್ಲ. ಈ ಗೆಳೆಯನ ಎದುರು ತನ್ನ ಕೆಲಸ ಕಳಪೆಯಾಗಿ ಕಾಣಬಾರದೆಂಬ ಒಂದೇ ಕಾರಣಕ್ಕೆ ಟ್ಯೂರಿಂಗ್ ತನ್ನ ಬರವಣಿಗೆಯನ್ನೂ ಲೆಕ್ಕದ ಹೆಜ್ಜೆಗಳನ್ನೂ ತಿದ್ದಿಕೊಳ್ಳಲು ಯತ್ನಿಸಿದ. ವರ್ಷಗಟ್ಟಲೆ ಮೇಷ್ಟ್ರುಗಳು ಗದರಿ ಮಾಡಿಸಲಾಗದ್ದು ಅದು. ರಜೆಯಲ್ಲಿ ಇಬ್ಬರೂ ಪತ್ರ ಬರೆದುಕೊಳ್ಳುತ್ತಿದ್ದರು. ಪತ್ರಗಳ ತುಂಬ ಗ್ರಹಗಳ ಸ್ಥಾನ, ರಾಸಾಯನಿಕಗಳ ಹೆಸರು.

1929ರ ಡಿಸೆಂಬರಿನಲ್ಲಿ ಇಬ್ಬರೂ ಕೇಂಬ್ರಿಜ್ಜಿಗೆ ಹೋಗಿ ಟ್ರಿನಿಟಿ ಕಾಲೇಜಿನ ವಿದ್ಯಾರ್ಥಿವೇತನದ ಪರೀಕ್ಷೆ ಬರೆದರು. ಶಾಲೆಯ ಕಟ್ಟುಪಾಡಿಲ್ಲದ ಒಂದು ವಾರ. ಟ್ಯೂರಿಂಗನ ಪಾಲಿಗೆ ಅದಕ್ಕಿಂತ ಸುಖದ ವಾರ ಅಲ್ಲಿಯವರೆಗೆ ಬಂದಿರಲಿಲ್ಲ. ಮಾರ್ಕಮ್‌ಗೆ ವಿದ್ಯಾರ್ಥಿವೇತನ ಸಿಕ್ಕಿತು, ಟ್ಯೂರಿಂಗ್‌ಗೆ ಸಿಗಲಿಲ್ಲ. ಗೆಳೆಯ ಮುಂದೆ ಹೋಗುತ್ತಾನೆ, ತಾನು ಒಂದು ವರ್ಷ ಹಿಂದೆ ಉಳಿಯಬೇಕಾಗುತ್ತದೆ ಎಂಬ ಸಂಕಟವಷ್ಟೇ ಆಗ ಅವನ ಮುಂದಿದ್ದದ್ದು.

ಫೆಬ್ರವರಿ 6ರ ಸಂಜೆ ಶಾಲೆಯಲ್ಲಿ ಒಂದು ಹಾಡುಗಾರಿಕೆ ನಡೆಯಿತು. ಅಲ್ಲಿ ಟ್ಯೂರಿಂಗ್ ಗೆಳೆಯನನ್ನು ನೋಡಿದ. ಅಂದಿನ ರಾತ್ರಿ ಪಕ್ಕದ ಅಬ್ಬೆ ಎಂಬ ಹಳೆಯ ಚರ್ಚಿನ ಗಡಿಯಾರ ಮೂರಕ್ಕೆ ಕಾಲುಗಂಟೆಯಿದೆಯೆಂದು ಬಡಿದಾಗ ಅವನಿಗೆ ಎಚ್ಚರವಾಯಿತು. ಕಿಟಕಿಯಿಂದ ನಕ್ಷತ್ರ ನೋಡಲು ಎದ್ದವನಿಗೆ ಚಂದ್ರ ಮುಳುಗುತ್ತಿದ್ದುದು ಕಾಣಿಸಿತು. ಅದೇ ರಾತ್ರಿ ಇನ್ನೊಂದು ವಸತಿಗೃಹದಲ್ಲಿ ಮಾರ್ಕಮ್‌ಗೆ ವಿಪರೀತ ಕಾಯಿಲೆಯಾಗಿ, ಅವನನ್ನು ಆಂಬುಲೆನ್ಸಿನಲ್ಲಿ ಲಂಡನ್ನಿಗೆ ಒಯ್ದರು. ಎರಡು ಶಸ್ತ್ರಚಿಕಿತ್ಸೆಗಳಾದವು. ಫೆಬ್ರವರಿ 13ರ ಗುರುವಾರ ಅವನು ತೀರಿಕೊಂಡ. ಹದಿನೆಂಟು ವರ್ಷ.

ಸಾವಿಗೆ ಕಾರಣ ದನದ ಕ್ಷಯ. ತೀರ ಎಳೆಯವನಿದ್ದಾಗ ಕುಡಿದ ಹಸುವಿನ ಹಾಲಿನಿಂದ ರೋಗಾಣು ಒಳಹೊಕ್ಕು ಹೊಟ್ಟೆಯೊಳಗಿನ ಅಂಗಗಳನ್ನು ಕೆಡಿಸಿತ್ತು. ಇಲ್ಲಿ ನಾನು ಒಂದು ಕ್ಷಣ ನಿಲ್ಲುತ್ತೇನೆ, ಏಕೆಂದರೆ ಈ ಸಾವು ವಿಧಿಯದಲ್ಲ. ಕ್ಷಯದ ರೋಗಾಣುವನ್ನು 1882ರಲ್ಲಿ ಕಂಡುಹಿಡಿದ ರಾಬರ್ಟ್ ಕಾಖ್ ಅವರೇ 1901ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ನಿಂತು, ದನದ ಕ್ಷಯದಿಂದ ಮನುಷ್ಯನಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲವೆಂದರು. ಅಷ್ಟು ದೊಡ್ಡವರ ಮಾತನ್ನು ಒರೆಗೆ ಹಚ್ಚಲು ಬ್ರಿಟಿಷ್ ಸರ್ಕಾರ ಅದೇ ವರ್ಷ ಒಂದು ಆಯೋಗವನ್ನು ನೇಮಿಸಿತು. ಅದರ ಅಂತಿಮ ವರದಿ ಬಂದದ್ದು 1911ರಲ್ಲಿ. ಹಸುವಿನ ಹಾಲಿನಿಂದ ಮಕ್ಕಳಿಗೆ ಕ್ಷಯ ತಗಲುವುದು ನಿಜವೆಂದು ಅದು ಖಚಿತವಾಗಿ ಹೇಳಿತು. ಮಾರ್ಕಮ್ ಹುಟ್ಟಿದ್ದು ಅದೇ 1911ರ ಜುಲೈನಲ್ಲಿ. ಹಾಲನ್ನು ಕಾಯಿಸಿ ಕುಡಿದರೆ ಈ ರೋಗಾಣು ಸಾಯುತ್ತದೆ. ನಮ್ಮಲ್ಲಿ ಹಾಲು ಕಾಯಿಸದ ಮನೆಯಿಲ್ಲ, ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಉಕ್ಕುವವರೆಗೆ ಕಾಯುವುದು ದಿನದ ಮೊದಲ ಕೆಲಸ. ಅಲ್ಲಿ ಹಸಿ ಹಾಲೇ ರೂಢಿ. ಕಾಯಿಸಿದರೆ ಹಾಲಿನ ಸತ್ವ ಹೋಗುತ್ತದೆ ಎಂಬ ವಾದ ದಶಕಗಟ್ಟಲೆ ನಡೆಯಿತು, ಪಾಶ್ಚರೀಕರಣವನ್ನು ಸೀಮೆ ಸೀಮೆಗೆ ಕಾನೂನಿನಿಂದ ಕಡ್ಡಾಯ ಮಾಡುತ್ತ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1940ರ ದಶಕದಲ್ಲಿ. ತಿಳಿವಳಿಕೆ ಬಂದು ಹತ್ತೊಂಬತ್ತು ವರ್ಷಗಳಾದ ಮೇಲೆ, ಔಷಧ ಬರಲು ಹದಿಮೂರು ಹದಿನಾಲ್ಕು ವರ್ಷಗಳಿದ್ದಾಗ ಈ ಹುಡುಗ ಹೋದ. ಇದನ್ನು ಹೇಳುವಾಗ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

1927ರ ಜೂನ್ 29ರಂದು ಇಂಗ್ಲೆಂಡಿನಲ್ಲಿ ಖಗ್ರಾಸ ಸೂರ್ಯಗ್ರಹಣ ಕಾಣಿಸಿದಾಗ ಅದನ್ನು ನೋಡಲು ಮಾರ್ಕಮ್ ಯಾರ್ಕ್‌ಷೈರಿನವರೆಗೆ ಹೋಗಿದ್ದ. ಮರಳುವಾಗ ರೈಲಿನಲ್ಲೇ ಹಾಸಿಗೆ ಹಿಡಿದು ಶಸ್ತ್ರಚಿಕಿತ್ಸೆಯಾಗಿತ್ತು. ಅಂಥ ಕಾಯಿಲೆಯನ್ನು ಮೈಯಲ್ಲಿಟ್ಟುಕೊಂಡೇ ಅವನು ನಕ್ಷತ್ರಗಳ ಮಾತಾಡಿದ್ದ, ಪರೀಕ್ಷೆಯಲ್ಲಿ ಗೆದ್ದಿದ್ದ. ಆದರೆ ಟ್ಯೂರಿಂಗ್‌ಗೆ ಈ ರೋಗದ ವಿಷಯವನ್ನು ಯಾರೂ ಹೇಳಿರಲಿಲ್ಲ. ಮನೆಯವರಿಗೆ, ಶಾಲೆಯವರಿಗೆ ಗೊತ್ತಿದ್ದದ್ದು ದಿನವೂ ಪಕ್ಕದಲ್ಲಿ ಕೂರುವವನಿಗೆ ಗೊತ್ತಿಲ್ಲ. ದೊಡ್ಡವರ ವರ್ಷಗಳ ಆತಂಕ ಅವನಿಗೆ ಒಂದು ವಾರದೊಳಗೆ, ಸಾವಿನ ರೂಪದಲ್ಲಿ, ಒಮ್ಮೆಲೇ ಬಂದು ಬಿತ್ತು. ಶಾಲೆಯ ಒಬ್ಬ ಕಿರಿಯ ಮೇಷ್ಟ್ರು ಮಾತ್ರ, ಇನ್ನು ಉಳಿಯಲಾರನು, ಮನಸ್ಸು ಗಟ್ಟಿಮಾಡಿಕೋ ಎಂಬರ್ಥದ ಒಂದು ಚೀಟಿಯನ್ನು ಅವನಿಗೆ ಮುಂದಾಗಿ ಕಳಿಸಿದ್ದರು. ಅಷ್ಟು ಹುಡುಗರ ನಡುವೆ ಈ ಸುದ್ದಿ ಯಾರಿಗೆ ಹೆಚ್ಚು ತಾಕುತ್ತದೆಂದು ಆ ಮೇಷ್ಟ್ರಿಗೆ ಗೊತ್ತಿತ್ತು. ಶಿಕ್ಷಕರಾದ ನಮಗೆ ಇದಕ್ಕಿಂತ ದೊಡ್ಡ ಅರ್ಹತೆ ಇನ್ನೇನಿದೆ?

ಟ್ಯೂರಿಂಗ್ ಮೊದಲು ತನ್ನ ತಾಯಿಗೆ ಪತ್ರ ಬರೆದು ಅಂತ್ಯಕ್ರಿಯೆಗೆ ಹೂವು ಕಳಿಸುವಂತೆ ಕೇಳಿಕೊಂಡ. ಮಗನ ಸ್ವಭಾವ ಬಲ್ಲ ಆ ತಾಯಿ, ಮಾರ್ಕಮ್‌ನ ತಾಯಿಗೆ ನೀನೇ ಒಂದು ಕಾಗದ ಬರಿ ಎಂದು ಸೂಚಿಸಿದರು. ಫೆಬ್ರವರಿ 15ರಂದು ಅವನು ಬರೆದ ಕಾಗದದಲ್ಲಿ ಸಮಾಧಾನದ ಸಿದ್ಧ ಮಾತುಗಳಿಲ್ಲ. ಕಳೆದ ವರ್ಷವಿಡೀ ಕ್ರಿಸ್ ಜೊತೆಗೇ ಕೆಲಸ ಮಾಡಿದೆ, ಇಷ್ಟು ಪ್ರತಿಭೆಯಿದ್ದೂ ಇಷ್ಟು ನಿಗರ್ವಿಯಾದ ಜೊತೆಗಾರ ನನಗೆ ಎಲ್ಲಿಯೂ ಸಿಗುತ್ತಿರಲಿಲ್ಲ, ನನ್ನ ಓದಿನಲ್ಲಿ ಹಾಗೂ ಅವನೇ ಪರಿಚಯಿಸಿದ ಖಗೋಳದಲ್ಲಿ ನನಗಿದ್ದ ಆಸಕ್ತಿಯೆಲ್ಲ ಅವನೊಡನೆ ಹಂಚಿಕೊಳ್ಳುವುದಕ್ಕಾಗಿಯೇ ಇತ್ತು, ಈಗ ಆ ಆಸಕ್ತಿ ಒಂದಿಷ್ಟು ಹೋದರೂ ಅವನು ಬದುಕಿದ್ದರೆ ಎಷ್ಟು ದುಡಿಯುತ್ತಿದ್ದೆನೋ ಅಷ್ಟೇ ದುಡಿಯಬೇಕು, ಅವನು ಬಯಸುತ್ತಿದ್ದದ್ದು ಅದನ್ನೇ ಎಂಬುದು ಅದರ ಸಾರಾಂಶ. ತನ್ನ ತಾಯಿಗೆ ಬರೆದದ್ದರಲ್ಲಿ ಇನ್ನೂ ಒಂದು ಮಾತಿದೆ: ಮಾರ್ಕಮ್‌ನನ್ನು ಎಲ್ಲಿಯೋ ಮತ್ತೆ ಕಾಣುತ್ತೇನೆ, ಅಲ್ಲಿಯೂ ನಾವಿಬ್ಬರೂ ಸೇರಿ ಮಾಡಬೇಕಾದ ಕೆಲಸ ಇದ್ದೇ ಇರುತ್ತದೆ, ಇಲ್ಲಿಯ ಕೆಲಸ ಈಗ ನನ್ನೊಬ್ಬನ ಮೇಲೆ ಬಿದ್ದಿರುವುದರಿಂದ ಅವನ ನಂಬಿಕೆಗೆ ನಾನು ಕುಂದು ತರಬಾರದು. ಹದಿನೇಳರ ಹುಡುಗ ಮಗನನ್ನು ಕಳೆದುಕೊಂಡ ತಾಯಿಗೆ, ನಿಮ್ಮ ಮಗನಲ್ಲಿ ಅರ್ಧಕ್ಕೆ ನಿಂತ ಕೆಲಸ ನನ್ನ ಬಳಿ ಇದೆ ಎಂದು ಒಪ್ಪಿಸುತ್ತಿದ್ದಾನೆ.

ಆ ತಾಯಿ ಅದನ್ನು ಕೇಳಿಸಿಕೊಂಡರು. ಫ್ರಾನ್ಸಿಸ್ ಇಸೊಬೆಲ್ ಮಾರ್ಕಮ್ ಅವರು ವಿದ್ಯುದ್ದೀಪವನ್ನು ರೂಪಿಸಿದವರಲ್ಲಿ ಒಬ್ಬರಾದ ಸರ್ ಜೋಸೆಫ್ ಸ್ವಾನ್ ಅವರ ಮಗಳು, ಸ್ವತಃ ಶಿಲ್ಪಕಲಾವಿದೆ. ಗಂಡನ ಮನೆಯವರದು ಬರ್ಮಿಂಗ್‌ಹ್ಯಾಮಿನಲ್ಲಿ ಉಗಿಯಂತ್ರಗಳನ್ನು ತಯಾರಿಸುವ ಉದ್ಯಮ. ಬ್ರಾಮ್ಸ್‌ಗ್ರೋವ್ ಬಳಿಯ ಕ್ಲಾಕ್‌ಹೌಸ್ ಎಂಬ ಅವರ ಮನೆಯಲ್ಲಿ ಮಕ್ಕಳಿಗೆಂದೇ ಒಂದು ಪ್ರಯೋಗಾಲಯವಿತ್ತು. ಮಗ ಸತ್ತ ಕೆಲವೇ ವಾರಗಳಿಗೆ ಅವರ ಕುಟುಂಬ ಹಡಗಿನಲ್ಲಿ ಜಿಬ್ರಾಲ್ಟರಿಗೆ ಹೊರಡುವುದಿತ್ತು. ಕ್ರಿಸ್ಟೋಫರನ ಜಾಗ ಖಾಲಿಯಾಗಿತ್ತು. ಆ ಜಾಗದಲ್ಲಿ ಬರುತ್ತೀಯಾ ಎಂದು ಅವರು ಟ್ಯೂರಿಂಗನನ್ನು ಕೇಳಿದರು, ಅವನು ಹೋದ. ಮಗನ ಭಾವಚಿತ್ರವೊಂದನ್ನು ಅವನಿಗೆ ಕೊಟ್ಟರು; ಅದನ್ನು ಮೇಜಿನ ಮೇಲಿಟ್ಟುಕೊಂಡು ಓದುತ್ತೇನೆಂದು ಅವನು ಬರೆದ. ಕ್ಲಾಕ್‌ಹೌಸಿಗೆ ಮತ್ತೆ ಮತ್ತೆ ಕರೆಸಿಕೊಂಡರು. ಮಗನ ಕುರಿತು ನಿನಗೆ ನೆನಪಿರುವುದನ್ನು ಬರೆದುಕೊಡು ಎಂದರು. ಹಗಲಿನ ಶುಕ್ರ, ಎಣಿಸದೆ ತಿಳಿಯುವ ನಿಮಿಷ ಎಲ್ಲವೂ ನಮಗೆ ಸಿಕ್ಕಿರುವುದು ಆ ಬರವಣಿಗೆಯಿಂದ. ಹೆತ್ತ ತಾಯಿಗೂ ತಿಳಿಯದ ಒಬ್ಬ ಮಗ ಗೆಳೆಯನ ಬಳಿ ಇರುತ್ತಾನೆ. ಅವನನ್ನು ಕೇಳಿ ಪಡೆದುಕೊಳ್ಳುವ ದೊಡ್ಡ ಮನಸ್ಸು ಇಸೊಬೆಲ್ ಅವರಿಗಿತ್ತು. ಗೆಳೆಯನ ಪಾಲಿಗೆ ಸೂತಕವೊಂದು ಇದೆಯೆಂದು ಒಪ್ಪಿ, ಅದನ್ನು ಹಿಡಿಯಲು ತಮ್ಮ ಮನೆಯಲ್ಲೇ ಅವನಿಗೆ ಮಣೆ ಹಾಕಿದರು ಎಂದೇ ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಮಾರ್ಕಮ್ ಕುಟುಂಬ ಮಗನ ಹೆಸರಿನಲ್ಲಿ ಶೆರ್ಬರ್ನ್ ಶಾಲೆಯಲ್ಲಿ ವಿಜ್ಞಾನಕ್ಕೊಂದು ಬಹುಮಾನವನ್ನು ಇಟ್ಟಿತು. ನಮ್ಮ ಶಾಲೆಗಳಲ್ಲಿ ವಾರ್ಷಿಕೋತ್ಸವದ ದಿನ ಓದಿ ಹೇಳುವ ದತ್ತಿ ಬಹುಮಾನಗಳಂತೆಯೇ ಅದೂ. ಅದನ್ನು ಗೆದ್ದವನು ಟ್ಯೂರಿಂಗ್. ಗೆಲ್ಲಿಸಿದ್ದು ಅಯೋಡೇಟು ಸಲ್ಫೈಟುಗಳ ಆ ನೀಲಿ ಪ್ರಯೋಗದ ಲೆಕ್ಕ. ಗೆಳೆಯನ ಹೆಸರಿನ ಬಹುಮಾನಕ್ಕೆ ಗೆಳೆಯ ತೋರಿಸಿಕೊಟ್ಟ ಪ್ರಯೋಗವನ್ನೇ ಅವನು ಮುಂದುವರಿಸಿಕೊಂಡು ಹೋಗಿ ಒಪ್ಪಿಸಿದ್ದ. 1930ರ ಡಿಸೆಂಬರಿನಲ್ಲಿ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನ ವಿದ್ಯಾರ್ಥಿವೇತನವೂ ಅವನಿಗೆ ದಕ್ಕಿತು.

ಇನ್ನೊಂದು ಬರಹದ ಬಗ್ಗೆ ಹೇಳಬೇಕು. ಇಸೊಬೆಲ್ ಅವರಿಗಾಗಿ ಟ್ಯೂರಿಂಗ್ ಚೇತನದ ಸ್ವರೂಪವನ್ನು ಕುರಿತು ಕೆಲವು ಪುಟ ಬರೆದುಕೊಟ್ಟ. ಬಹುಶಃ 1932ರಲ್ಲಿ, ಕ್ಲಾಕ್‌ಹೌಸಿನಲ್ಲಿ ಉಳಿದುಕೊಂಡಿದ್ದಾಗ. ಜಗತ್ತಿನ ಒಂದು ಕ್ಷಣದ ಸ್ಥಿತಿಯೆಲ್ಲ ತಿಳಿದರೆ ಮುಂದಿನದೆಲ್ಲವನ್ನೂ ಲೆಕ್ಕಹಾಕಿ ಹೇಳಬಹುದೆಂದು ಹಳೆಯ ವಿಜ್ಞಾನ ನಂಬಿತ್ತು, ಆದರೆ ಅಣುಗಳ ಮಟ್ಟದಲ್ಲಿ ಹಾಗೆ ತಿಳಿಯಲು ಬರುವುದಿಲ್ಲವೆಂದು ಹೊಸ ಭೌತಶಾಸ್ತ್ರ ತೋರಿಸಿದೆ ಎಂದು ಅವನು ಆರಂಭಿಸುತ್ತಾನೆ. ಹಾಗಾದರೆ ಮಿದುಳಿನ ಯಾವುದೋ ಭಾಗದ ಅಣುಗಳ ಮೇಲೆ ಇಚ್ಛಾಶಕ್ತಿ ಕೆಲಸ ಮಾಡುತ್ತಿರಬಹುದು, ದೇಹ ಅದನ್ನು ದೊಡ್ಡದು ಮಾಡಿ ತೋರಿಸುತ್ತಿರಬಹುದು. ಜೀವಂತ ದೇಹಕ್ಕೆ ಚೇತನವನ್ನು ಸೆಳೆದು ಹಿಡಿದಿಡುವ ಶಕ್ತಿಯಿದೆ. ದೇಹ ಸತ್ತಾಗ ಹಿಡಿದಿಡುವ ಆ ಯಂತ್ರ ಹೋಗುತ್ತದೆ, ಚೇತನ ಇಂದೋ ನಾಳೆಯೋ ಇನ್ನೊಂದು ದೇಹವನ್ನು ಕಂಡುಕೊಳ್ಳುತ್ತದೆ. ಇದನ್ನು ಓದಿದ ಕೂಡಲೇ ನಮ್ಮವರಿಗೆ ಹಳೆಯ ಬಟ್ಟೆ ಬಿಟ್ಟು ಹೊಸದನ್ನು ಉಡುವ ಗೀತೆಯ ಶ್ಲೋಕ ನೆನಪಾಗುತ್ತದೆ, ನನಗೂ ಆಯಿತು. ಆದರೂ ಅವನನ್ನು ನಮ್ಮ ವೇದಾಂತಕ್ಕೆ ಸೇರಿಸಿಕೊಳ್ಳುವ ಆಸೆಯನ್ನು ತಡೆಯಬೇಕು. ಅವನು ಹಿಡಿದದ್ದು ಇಂಗ್ಲೆಂಡಿನ ವಿಜ್ಞಾನಿ ಎಡಿಂಗ್ಟನ್ನರ ಭೌತಶಾಸ್ತ್ರದ ದಾರಿ. ಆ ದಾರಿಗೆ ಅವನನ್ನು ಹಚ್ಚಿದ್ದು ಗೆಳೆಯ ಪೂರ್ತಿ ಇಲ್ಲವಾಗಿರಲಾರ ಎಂಬ ಹಂಬಲ.

ಇಲ್ಲಿಂದ ಒಂದೇ ನೆಗೆತಕ್ಕೆ, ಮಾರ್ಕಮ್ ಸತ್ತದ್ದರಿಂದಲೇ ಕಂಪ್ಯೂಟರ್ ಹುಟ್ಟಿತು ಎಂದುಬಿಡುವವರಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಗಣಕಯಂತ್ರದ ಕಲ್ಪನೆಯನ್ನು ಮುಂದಿಟ್ಟ ಟ್ಯೂರಿಂಗನ 1936ರ ಪ್ರಬಂಧ ಹುಟ್ಟಿದ್ದು ಜರ್ಮನಿಯ ಗಣಿತಜ್ಞ ಹಿಲ್ಬರ್ಟ್ ಎತ್ತಿದ್ದ ಗಣಿತದ ಪ್ರಶ್ನೆಯಿಂದ, ಅದನ್ನು ಅವನು ಕೇಳಿದ್ದು ಕೇಂಬ್ರಿಜ್ಜಿನಲ್ಲಿ ಮ್ಯಾಕ್ಸ್ ನ್ಯೂಮನ್ ಅವರ ಪಾಠಗಳಲ್ಲಿ. ಒಬ್ಬ ಹುಡುಗನ ಸಾವನ್ನು ಇನ್ನೊಬ್ಬನ ಸಾಧನೆಗೆ ಮೆಟ್ಟಿಲು ಮಾಡುವುದು ಸತ್ತವನಿಗೂ ಬದುಕಿದವನಿಗೂ ಮಾಡುವ ಅನ್ಯಾಯ. ಮಾರ್ಕಮ್ ಬದುಕಿದ್ದರೆ ಟ್ರಿನಿಟಿಯಲ್ಲಿ ಏನು ಮಾಡುತ್ತಿದ್ದನೋ ಆ ಕೆಲಸವೂ ಲೋಕಕ್ಕೆ ನಷ್ಟವಾಗಿದೆ. ನಾನು ಹೇಳಬಹುದಾದದ್ದು ಇಷ್ಟು: ಮನಸ್ಸಿಗೂ ಅದನ್ನು ಹೊತ್ತ ಯಂತ್ರಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಇಪ್ಪತ್ತರ ಹುಡುಗನ ಆ ಪುಟಗಳಲ್ಲಿ ದುಃಖದ ಪ್ರಶ್ನೆಯಾಗಿ ಇದೆ. ಯಂತ್ರಗಳು ಯೋಚಿಸಬಲ್ಲವೆ ಎಂದು 1950ರಲ್ಲಿ ಅವನು ಬರೆದ ಹೆಸರಾಂತ ಪ್ರಬಂಧದಲ್ಲಿ ಅದೇ ಪ್ರಶ್ನೆ ವಿಜ್ಞಾನದ ಪ್ರಶ್ನೆಯಾಗಿ, ಆತ್ಮವನ್ನು ಆಶ್ರಯಿಸದೆ, ತೀರ ಬೇರೆ ಉತ್ತರದೊಡನೆ ನಿಂತಿದೆ. ಉತ್ತರ ಬದಲಾದರೂ ಅವನು ಆ ಪ್ರಶ್ನೆಯನ್ನು ಕೈಬಿಡಲಿಲ್ಲ.

ಈ ಸ್ನೇಹದ ಇನ್ನೊಂದು ಮಗ್ಗುಲನ್ನು ಮರೆಸಿ ಮಾತಾಡಿದರೆ ನಾನು ಅಪ್ರಾಮಾಣಿಕನಾಗುತ್ತೇನೆ. ಟ್ಯೂರಿಂಗನ ಕಡೆಯಿಂದ ಅದು ಪ್ರೀತಿಯಾಗಿತ್ತು, ಅವನ ಮೊದಲ ಪ್ರೀತಿ. ಮಾರ್ಕಮ್ ನಡೆದ ನೆಲವನ್ನೂ ಆರಾಧಿಸುತ್ತಿದ್ದೆ ಎಂಬ ಅರ್ಥದಲ್ಲಿ ಅವನೇ ಬರೆದಿದ್ದಾನೆ. ಗಂಡಸು ಗಂಡಸಿನೊಡನೆ ದೈಹಿಕ ಸಂಬಂಧ ಇಟ್ಟುಕೊಳ್ಳುವುದು 1885ರ ಕಾನೂನಿನ ಪ್ರಕಾರ ಇಂಗ್ಲೆಂಡಿನಲ್ಲಿ ಅಪರಾಧವಾಗಿತ್ತು. ಆ ಕಾನೂನಿನಡಿ 1952ರಲ್ಲಿ ಅವನಿಗೆ ಶಿಕ್ಷೆಯಾಯಿತು, ಜೈಲಿನ ಬದಲಿಗೆ ಹಾರ್ಮೋನ್ ಚಿಕಿತ್ಸೆಯನ್ನು ಒಪ್ಪಬೇಕಾಯಿತು. 1954ರ ಜೂನ್ 7ರಂದು, ನಲವತ್ತೊಂದನೆಯ ವಯಸ್ಸಿನಲ್ಲಿ, ಸೈನೈಡಿನಿಂದ ಅವನ ಸಾವಾಯಿತು. ಬ್ರಿಟಿಷ್ ಪ್ರಧಾನಿ ಕ್ಷಮೆ ಕೇಳಿದ್ದು 2009ರಲ್ಲಿ, ರಾಣಿಯ ಕ್ಷಮಾದಾನ ಬಂದದ್ದು 2013ರಲ್ಲಿ. ಅದೇ ಆಳರಸರು ನಮಗೆ ಬಿಟ್ಟುಹೋದ ದಂಡಸಂಹಿತೆಯ 377ನೆಯ ಕಲಮನ್ನು ವಯಸ್ಕರ ಒಪ್ಪಿತ ಸಂಬಂಧಗಳಿಗೆ ಅನ್ವಯಿಸಬಾರದೆಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ನಮ್ಮ ತರಗತಿಗಳಲ್ಲಿಯೂ ಇಂಥ ಪ್ರೀತಿಯನ್ನು ಯಾರಿಗೂ ಹೇಳಲಾರದೆ ಕೂತ ಮಕ್ಕಳಿರುತ್ತಾರೆ. ಅಂಥ ಮಗುವಿನ ಗೆಳೆಯನೋ ಗೆಳತಿಯೋ ಸತ್ತರೆ ಅದರ ದುಃಖಕ್ಕೆ ಇರುವ ತಡೆ ಎರಡು: ಗೆಳೆತನಕ್ಕೆ ಸೂತಕವಿಲ್ಲ, ಈ ಪ್ರೀತಿಗೆ ಹೆಸರೂ ಇಲ್ಲ. ಇಸೊಬೆಲ್ ಅವರು ಅಲನನನ್ನು ಮನೆಗೆ ಕರೆದುಕೊಂಡಾಗ ನೀನು ನನ್ನ ಮಗನಿಗೆ ಏನಾಗಿದ್ದೆ ಎಂದು ಕೇಳಿ ಅಳೆಯಲಿಲ್ಲ ಎಂಬುದು ಈ ಕಾರಣಕ್ಕೆ ನನಗೆ ದೊಡ್ಡದಾಗಿ ಕಾಣುತ್ತದೆ.

ಮಾತು ಮುಗಿದ ಮೇಲೆ ಶಿಕ್ಷಕಿಯೊಬ್ಬರು ಎದ್ದು, ಹೋದ ವರ್ಷ ತಮ್ಮ ಶಾಲೆಯ ಒಬ್ಬ ಹುಡುಗಿ ತೀರಿಕೊಂಡಳು, ಹೇಳಿ ಮೇಡಂ ಎಂದು ಮಕ್ಕಳು ಕೇಳಿದಾಗ ಏನು ಹೇಳಬೇಕೆಂದು ತಿಳಿಯಲಿಲ್ಲ, ನೀವಾದರೆ ಏನು ಮಾಡುತ್ತಿದ್ದಿರಿ ಎಂದರು. ನಾನು ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಆ ಹುಡುಗಿ ಕೂರುತ್ತಿದ್ದ ಜಾಗಕ್ಕೆ ಮಾರನೆಯ ದಿನವೇ ಇನ್ನೊಬ್ಬರನ್ನು ಕೂರಿಸಬೇಡಿ. ಯಾವಾಗ ಕೂರಿಸಬಹುದೆಂದು ಪಕ್ಕದವಳನ್ನೇ ಕೇಳಿ. ಕಾಯಿಲೆಯಾಗಿದ್ದರೆ ಅದರ ಹೆಸರನ್ನು ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿ ಹೇಳಿ, ಮನೆಯವರ ಒಪ್ಪಿಗೆ ಪಡೆದು. ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ತರಗತಿಯಲ್ಲಿಡಿ. ಅವಳು ಯಾವ ಹಾಡು ಹೇಳುತ್ತಿದ್ದಳು, ಲೆಕ್ಕದಲ್ಲಿ ಎಲ್ಲಿ ತಪ್ಪುತ್ತಿದ್ದಳು, ಟಿಫಿನ್ ಡಬ್ಬಿಯಲ್ಲಿ ಯಾರಿಗೆ ಪಾಲು ಕೊಡುತ್ತಿದ್ದಳು, ಯಾರ ಮೇಲೆ ಮುನಿಸಿಕೊಂಡಿದ್ದಳು — ನೆನಪಾದದ್ದನ್ನು ನೆನಪಾದಂತೆ ಮಕ್ಕಳು ಬರೆಯಲಿ; ಕಾಗುಣಿತ ತಿದ್ದಬೇಡಿ. ತಿಂಗಳು ಕಳೆದ ಮೇಲೆ, ನೆಂಟರಿಷ್ಟರೆಲ್ಲ ಬಂದು ಹೋಗಿ ಆ ಮನೆ ಖಾಲಿಯಾದ ಹೊತ್ತಿಗೆ, ಅವಳ ಹತ್ತಿರದ ಇಬ್ಬರು ಮೂವರು ಗೆಳತಿಯರನ್ನು ಕರೆದುಕೊಂಡು ಹೋಗಿ ಆ ಪುಸ್ತಕವನ್ನು ಅವಳ ಅಮ್ಮನ ಕೈಗೆ ಕೊಡಿಸಿ. ಅಮ್ಮ ಓದಿಸಿಕೊಳ್ಳಲು ಬಯಸಿದರೆ ಗೆಳತಿಯರೇ ಓದಿ ಹೇಳಲಿ. ಅವಸರ ಮಾಡಬೇಡಿ, ಮುಂದಿನ ಪೀರಿಯಡ್ಡಿನ ಪಾಠವನ್ನು ಇನ್ನೊಬ್ಬರಿಗೆ ಒಪ್ಪಿಸಿಯೇ ಶಾಲೆಯಿಂದ ಹೊರಡಿ.